ನೋಡದವರೂ ಇರುವ ಗ್ರೂಪ್‌ನಲ್ಲಿ ಕ್ಲೈಮ್ಯಾಕ್ಸ್ ಬಗ್ಗೆ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮ ಕಾಲೇಜು ಗೆಳೆಯರದ್ದು ಒಂದು ವಾಟ್ಸಾಪ್ ಗ್ರೂಪ್ ಇದೆ. ಬರೀ ಸಿನಿಮಾ ಮಾತು. ಹುಬ್ಬಳ್ಳಿ, ಬೆಂಗಳೂರಿನವರ ಜೊತೆ ಜರ್ಮನಿ, ಅಮೆರಿಕದಲ್ಲಿ ಇರುವವರೂ ಇದ್ದಾರೆ. ಈಚೆಗೆ ಒಂದು ಕನ್ನಡ ಥ್ರಿಲ್ಲರ್ ಬಿಡುಗಡೆಯಾದ ಮೂರನೇ ದಿನ ನಾನು ಅದರ ಬಗ್ಗೆ ಉದ್ದಕ್ಕೆ ಬರೆದೆ. ನನ್ನ ತಕರಾರು ಇದ್ದಿದ್ದೇ ಕ್ಲೈಮ್ಯಾಕ್ಸ್ ಮೇಲೆ. ಹಾಗಾಗಿ ಕೊಲೆಗಾರ ಯಾರು ಅನ್ನುವುದೂ ಅದರಲ್ಲಿ ಬಂತು. ಜರ್ಮನಿಯಲ್ಲಿರುವ ಗೆಳತಿ ಬೇಜಾರು ಮಾಡಿಕೊಂಡು ಗ್ರೂಪ್ ಬಿಟ್ಟಳು. ಕೆಲವರು ‘ಮೂರು ದಿನ ಆಯ್ತಲ್ಲ, ಇನ್ನೇನು’ ಎಂದರು. ಕೆಲವರು ಇನ್ನು ಮುಂದೆ ಕಥೆಯ ಸುದ್ದಿಯೇ ಬೇಡ ಎಂದರು. ಎಷ್ಟು ದಿನ ಕಾಯಬೇಕು ಸರ್? ಕೊನೆಯ ಬಗ್ಗೆ ಮಾತಾಡದೆ ಸಿನಿಮಾ ಚರ್ಚೆ ಮಾಡುವುದಾದರೂ ಹೇಗೆ? ಕಥೆ ಪೂರ್ತಿ ಗೊತ್ತಿದ್ದೂ ನಾವು ಯಕ್ಷಗಾನ ನೋಡುತ್ತೇವೆ ಅಲ್ವಾ?

ಉತ್ತರ: ನಿಮ್ಮ ಗೆಳತಿಗೆ ಬೇಜಾರಾಗಿದ್ದರಲ್ಲಿ ತಪ್ಪಿಲ್ಲ. ಕ್ಲೈಮ್ಯಾಕ್ಸ್ ಬಗ್ಗೆ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದರಲ್ಲೂ ತಪ್ಪಿಲ್ಲ. ಎಡವಟ್ಟಾಗಿದ್ದು ಬರೆದ ಜಾಗದಲ್ಲಿ.

ಫಿಲ್ಮ್ ಸೊಸೈಟಿಗಳಲ್ಲಿ ಈ ಜಗಳ ಬರುವುದೇ ಇಲ್ಲ. ಅಲ್ಲಿ ಮೊದಲು ಸಿನಿಮಾ, ಆಮೇಲೆ ಚರ್ಚೆ. ಮಾತಾಡುವವರು, ಕೇಳುವವರು ಎಲ್ಲರೂ ಈಗಷ್ಟೇ ಅದೇ ಸಿನಿಮಾ ನೋಡಿ ಕೂತಿರುತ್ತಾರೆ. ಕೊನೆಯ ದೃಶ್ಯದಿಂದಲೇ ಮಾತು ಶುರು ಮಾಡಬಹುದು. ವಾಟ್ಸಾಪ್ ಗ್ರೂಪ್ ಹಾಗಲ್ಲ. ಫಸ್ಟ್ ಡೇ ಫಸ್ಟ್ ಶೋಗೆ ಹೋದವರು, ಭಾನುವಾರ ಮನೆಯವರ ಜೊತೆ ಹೋಗೋಣ ಅಂತ ಇರುವವರು, ಒಟಿಟಿಗೆ ಬರಲಿ ಅಂತ ಕಾಯುವವರು ಎಲ್ಲ ಒಂದೇ ಕಡೆ ಇರುತ್ತಾರೆ. ಯಾರು ಯಾವಾಗ ನೋಡುತ್ತಾರೆ ಅಂತ ಬರೆಯುವವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಎಷ್ಟು ದಿನ ಆಯಿತು ಅನ್ನುವುದಕ್ಕಿಂತ, ಓದುವವರು ಗೊತ್ತಿದ್ದೇ ಆ ಮಾತಿಗೆ ಬಂದರಾ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ದಿನದ ಲೆಕ್ಕ ಯಾಕೆ ನಡೆಯುವುದಿಲ್ಲ ಅಂತ ಒಂದು ಉದಾಹರಣೆಯಲ್ಲಿ ನೋಡಿ. ‘ಕಾಂತಾರ’ ಕನ್ನಡದಲ್ಲಿ ಬಂದಿದ್ದು 2022ರ ಸೆಪ್ಟೆಂಬರ್ 30ಕ್ಕೆ. ಹಿಂದಿ ಡಬ್ ಬಂದಿದ್ದು ಅಕ್ಟೋಬರ್ 14ಕ್ಕೆ. ತೆಲುಗು, ತಮಿಳು ಮರುದಿನ. ಮಲಯಾಳಂ 20ಕ್ಕೆ. ಪ್ರೈಮ್ ವಿಡಿಯೊದಲ್ಲಿ ಕನ್ನಡದ ‘ಕಾಂತಾರ’ ಸಿಕ್ಕಿದ್ದು ನವೆಂಬರ್ 24ಕ್ಕೆ, ನೆಟ್‌ಫ್ಲಿಕ್ಸ್‌ನಲ್ಲಿ ಹಿಂದಿ ಡಬ್ ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ಮೊದಲ ವಾರದಿಂದಲೇ ನಮ್ಮಲ್ಲಿ ಎಲ್ಲರ ಬಾಯಲ್ಲೂ ಆ ಸಿನಿಮಾದ ಕೊನೆಯ ಭಾಗದ್ದೇ ಮಾತು. ಕನ್ನಡದವರಿಗೆ ಅದು ಹಳೆಯದಾಗುವ ಹೊತ್ತಿಗೆ, ಮಲಯಾಳಂನಲ್ಲಿ ನೋಡಬೇಕು ಅಂತಿದ್ದವರಿಗೆ ಸಿನಿಮಾ ಇನ್ನೂ ಬಂದೇ ಇರಲಿಲ್ಲ. ಅದೇ ‘ಕಾಂತಾರ: ಚಾಪ್ಟರ್ 1’ 2025ರ ಅಕ್ಟೋಬರ್ 2ಕ್ಕೆ ಥಿಯೇಟರ್‌ಗೆ ಬಂದು, ಅದೇ ತಿಂಗಳ 31ಕ್ಕೆ ಒಟಿಟಿಗೆ ಬಂತು. ಒಂದಕ್ಕೆ ಸುಮಾರು ಎಂಟು ವಾರ, ಇನ್ನೊಂದಕ್ಕೆ ನಾಲ್ಕು. ಇದರಲ್ಲಿ ಮೂರು ದಿನ, ಹತ್ತು ದಿನ ಅಂತ ಗೆರೆ ಎಳೆದರೆ ಅದು ಯಾರಿಗೆ ನ್ಯಾಯ?

ರಿಮೇಕ್‌ಗಳ ವಿಷಯ ಇನ್ನೂ ಗೋಜಲು. ‘ದೃಶ್ಯಂ’ ಮಲಯಾಳಂನಲ್ಲಿ ಬಂದಿದ್ದು 2013ರ ಡಿಸೆಂಬರ್‌ನಲ್ಲಿ. ಕನ್ನಡದ ‘ದೃಶ್ಯ’ 2014ರಲ್ಲಿ, ಹಿಂದಿಯದ್ದು 2015ರಲ್ಲಿ. ಎರಡನೇ ಭಾಗ ಮಲಯಾಳಂನಲ್ಲಿ 2021ರ ಫೆಬ್ರವರಿಯಲ್ಲಿ ನೇರವಾಗಿ ಒಟಿಟಿಗೆ ಬಂತು. ಕನ್ನಡದಲ್ಲಿ ಅದೇ ವರ್ಷದ ಡಿಸೆಂಬರ್‌ನಲ್ಲಿ, ಹಿಂದಿಯಲ್ಲಿ 2022ರ ನವೆಂಬರ್‌ನಲ್ಲಿ ಥಿಯೇಟರ್‌ಗೆ ಬಂತು. ಮೂಲ ನೋಡಿದವರಿಗೆ ಗುಟ್ಟು ಯಾವತ್ತೋ ಗೊತ್ತು. ಆದರೆ ಹಿಂದಿಯ ಎರಡನೇ ಭಾಗಕ್ಕೆ ಟಿಕೆಟ್ ತಗೊಂಡ ಸಹೋದ್ಯೋಗಿಗೆ ಅದು ಅವತ್ತಿನ ಸಿನಿಮಾ. ಅವರ ಎದುರು ‘ನಾನು ಇದನ್ನ ಮಲಯಾಳಂನಲ್ಲೇ ನೋಡಿದೀನಿ, ಕೊನೆಗೆ ಹೀಗಾಗುತ್ತೆ’ ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೊದಲೇ ನೋಡಿದ್ದು ಒಳ್ಳೆಯದೇ. ಅದನ್ನು ತೋರಿಸಿಕೊಳ್ಳಲು ಇನ್ನೊಬ್ಬರ ಸಂಜೆ ಹಾಳು ಮಾಡುವುದು ಸಣ್ಣತನ.

ಸಣ್ಣ ಬಜೆಟ್ಟಿನ ಕನ್ನಡ ಸಿನಿಮಾಗಳ ಪಾಡು ಬೇರೆ. ಎಷ್ಟೋ ಸಿನಿಮಾಗಳು ಒಂದೇ ವಾರಕ್ಕೆ ಥಿಯೇಟರ್‌ನಿಂದ ಎತ್ತಂಗಡಿ ಆಗುತ್ತವೆ. ತಾಲ್ಲೂಕು ಕೇಂದ್ರಗಳಿಗೆ ಬರುವುದೇ ಇಲ್ಲ. ಹೊರದೇಶದಲ್ಲಿ ಕೆಲವು ಊರುಗಳಲ್ಲಿ ಒಂದೋ ಎರಡೋ ಶೋ ಇರುತ್ತದೆ, ಅದೂ ಅಲ್ಲಿನ ಕನ್ನಡದವರು ಸೇರಿ ಏರ್ಪಾಡು ಮಾಡಿದರೆ. ನಿಮ್ಮ ಗೆಳತಿ ನೋಡದೇ ಇದ್ದಿದ್ದು ಸೋಮಾರಿತನದಿಂದ ಅಲ್ಲ. ನೋಡುವ ದಾರಿಯೇ ಇರಲಿಲ್ಲ. ಇಂಥ ಸಿನಿಮಾಗಳು ಬದುಕುವುದು ನೋಡಿದವರ ಬಾಯಿಮಾತಿನಿಂದ. ಒಳ್ಳೆಯ ಥ್ರಿಲ್ಲರ್‌ನ ಗುಟ್ಟು ಮೊದಲ ವಾರವೇ ಎಲ್ಲ ಕಡೆ ಹರಿದಾಡಿದರೆ, ಹೋಗೋಣ ಅಂದುಕೊಂಡಿದ್ದವರೂ ‘ಗೊತ್ತಾಯ್ತಲ್ಲ, ಒಟಿಟಿಗೆ ಬಂದಾಗ ನೋಡಿದರಾಯ್ತು’ ಅಂತ ಸುಮ್ನೆ ಆಗುತ್ತಾರೆ. ದೊಡ್ಡ ಸ್ಟಾರ್ ಸಿನಿಮಾಗೆ ಇದರಿಂದ ಹೆಚ್ಚು ನಷ್ಟ ಆಗದೇ ಇರಬಹುದು. ಹೊಸ ನಿರ್ದೇಶಕರಿಗೆ ಆಗುತ್ತದೆ.

ಆದರೂ ನೀವು ಕೇಳಿದ್ದು ಎಷ್ಟು ದಿನ ಅಂತ. ನನ್ನ ಅಭಿಪ್ರಾಯ ಇಷ್ಟು. ಸಿನಿಮಾ ಒಟಿಟಿಗೆ ಬಂದು ಎರಡು ವಾರ ಆಗುವವರೆಗೆ, ಎಲ್ಲರೂ ಇರುವ ಗ್ರೂಪ್‌ನಲ್ಲಿ ಕಥೆಯ ತಿರುವು ಬರೆಯಬೇಡಿ. ಆಮೇಲೆ ಬರೆಯಬಹುದು, ಆದರೆ ಮೊದಲೇ ಒಂದು ಸೂಚನೆ ಕೊಟ್ಟು. ಕೊಲೆಗಾರ ಯಾರು ಅನ್ನುವುದರ ಮೇಲೇ ನಿಂತ ಸಿನಿಮಾ ಎಷ್ಟೇ ಹಳೆಯದಾದರೂ ಆ ಸೂಚನೆ ಇರಲಿ. 1989ರಲ್ಲಿ ಬಂದ, ಹಾಡುಗಳೇ ಇಲ್ಲದ ಸಸ್ಪೆನ್ಸ್ ಸಿನಿಮಾ ‘ತರ್ಕ’ವನ್ನು ಈ ವರ್ಷ ಮೊದಲ ಸಲ ನೋಡುವ ಹುಡುಗ, ಹುಡುಗಿಯರು ಇದ್ದಾರೆ. ಅವರಿಗೂ ಏನೂ ಗೊತ್ತಿಲ್ಲದೆ ಅದನ್ನು ನೋಡುವ ಅವಕಾಶ ಸಿಗಲಿ. ವೆಬ್ ಸೀರೀಸ್ ಆದರೆ ಎಷ್ಟನೇ ಎಪಿಸೋಡ್‌ವರೆಗಿನ ಮಾತು ಅಂತ ಹೇಳಿ ಶುರು ಮಾಡಿದರೆ ಸಾಕು.

ಈಗ ಸೂಚನೆ ಕೊಡುವುದು ಹೇಗೆ ಅನ್ನುವ ವಿಷಯ. ಬಹಳಷ್ಟು ಜನ ಎಡವುವುದು ಇಲ್ಲೇ.

ಮೊದಲ ಸಾಲಿನಲ್ಲಿ ‘ಸ್ಪಾಯ್ಲರ್ ಅಲರ್ಟ್’ (ಮುಂದೆ ಕಥೆಯ ಗುಟ್ಟು ಇದೆ, ಎಚ್ಚರ) ಅಂತ ಬರೆದು ಎರಡನೇ ಸಾಲಿನಲ್ಲೇ ಗುಟ್ಟು ಹೇಳಿದರೆ ಏನೂ ಪ್ರಯೋಜನ ಇಲ್ಲ. ಫೋನ್ ಲಾಕ್ ಆಗಿದ್ದರೂ ನೋಟಿಫಿಕೇಶನ್‌ನಲ್ಲಿ ಎರಡು ಮೂರು ಸಾಲು ಕಾಣಿಸುತ್ತದೆ. ಎಚ್ಚರಿಕೆ, ಗುಟ್ಟು ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಹಾಗಾಗಿ ಮೊದಲು ಸಿನಿಮಾ ಹೆಸರು, ಸೂಚನೆ, ಆಮೇಲೆ ಕಥೆಗೆ ಸಂಬಂಧ ಇಲ್ಲದ ನಾಲ್ಕಾರು ಸಾಲು ಬರೆಯಿರಿ. ಛಾಯಾಗ್ರಹಣ ಹೇಗಿತ್ತು, ಥಿಯೇಟರ್‌ನಲ್ಲಿ ಎಷ್ಟು ಜನ ಇದ್ದರು, ಹಿನ್ನೆಲೆ ಸಂಗೀತ ಎಲ್ಲಿ ಜಾಸ್ತಿ ಆಯಿತು ಅಂತೆಲ್ಲ. ಮೆಸೇಜ್ ಉದ್ದ ಇದ್ದರೆ ವಾಟ್ಸಾಪ್ ಅದನ್ನು ಮಡಚಿ ‘ರೀಡ್ ಮೋರ್’ ಅಂತ ತೋರಿಸುತ್ತದೆ. ಗುಟ್ಟು ಆ ಮಡಿಕೆಯ ಕೆಳಗೆ ಇರಬೇಕು. ಬರೀ ಚುಕ್ಕಿ ಹಾಕಿಕೊಂಡು ಹೋಗುವವರೂ ಇದ್ದಾರೆ. ಅದೂ ನಡೆಯುತ್ತದೆ. ಆದರೆ ಓದುವುದಕ್ಕೆ ಏನಾದರೂ ಇದ್ದರೆ, ಸಿನಿಮಾ ನೋಡದವರಿಗೂ ನಿಮ್ಮ ಮೆಸೇಜ್‌ನಲ್ಲಿ ಒಂದು ಪಾಲು ಸಿಗುತ್ತದೆ.

ನನಗೆ ತುಂಬ ಇಷ್ಟವಾದ ದಾರಿ ವಾಯ್ಸ್ ಮೆಸೇಜ್. ಅದನ್ನು ಯಾರೂ ಅಚಾನಕ್ಕಾಗಿ ಓದಿಬಿಡಲು ಆಗುವುದಿಲ್ಲ. ಒತ್ತಿದರೆ ಮಾತ್ರ ಕೇಳುತ್ತದೆ. ಮೇಲೆ ‘ಕ್ಲೈಮ್ಯಾಕ್ಸ್ ಬಗ್ಗೆ, ನೋಡಿದವರು ಮಾತ್ರ ಕೇಳಿ’ ಅಂತ ಒಂದು ಸಾಲು ಹಾಕಿದರೆ ಸಾಕು. ಸಿನಿಮಾ ನೋಡಿ ಬಂದ ಬಿಸಿಯಲ್ಲಿ ಮಾತಾಡಿದ್ದು ಬರವಣಿಗೆಗಿಂತ ಚೆನ್ನಾಗೂ ಇರುತ್ತದೆ. ಟೆಲಿಗ್ರಾಮ್‌ನಲ್ಲಿ ಇನ್ನೂ ಸುಲಭ. ಬರೆದಿದ್ದನ್ನು ಸೆಲೆಕ್ಟ್ ಮಾಡಿ ಫಾರ್ಮ್ಯಾಟಿಂಗ್‌ನಲ್ಲಿ ‘ಸ್ಪಾಯ್ಲರ್’ ಒತ್ತಿದರೆ, ಓದುವವರು ಮುಟ್ಟುವವರೆಗೂ ಅಕ್ಷರ ಮಸುಕಾಗಿ ಇರುತ್ತದೆ. ರೆಡಿಟ್, ಡಿಸ್ಕಾರ್ಡ್‌ನಲ್ಲೂ ಇಂಥದ್ದೇ ಸೌಲಭ್ಯ ಇದೆ. ಸಿನಿಮಾ ನೋಡಿದವರು ವಿಮರ್ಶೆ ಬರೆಯುವ ಲೆಟರ್‌ಬಾಕ್ಸ್‌ಡ್ ತಾಣದಲ್ಲಿ ವಿಮರ್ಶೆ ಹಾಕುವಾಗ ಇದರಲ್ಲಿ ಸ್ಪಾಯ್ಲರ್ ಇದೆ ಅಂತ ಟಿಕ್ ಮಾಡಲು ಜಾಗವೇ ಕೊಟ್ಟಿದ್ದಾರೆ.

ನೀವೆಲ್ಲ ದಿನಾ ಮಾತಾಡುವವರಾದರೆ, ಒಂದೊಂದು ದೊಡ್ಡ ಸಿನಿಮಾಗೂ ‘ನೋಡಿದವರು’ ಅಂತ ತಾತ್ಕಾಲಿಕ ಗ್ರೂಪ್ ಮಾಡಿ. ಮುಖ್ಯ ಗ್ರೂಪ್‌ನಲ್ಲಿ ಅದರ ಲಿಂಕ್ ಹಾಕಿ. ಸಿನಿಮಾ ನೋಡಿ ಬಂದವರು ತಾವೇ ಸೇರಿಕೊಳ್ಳುತ್ತಾರೆ. ಅಲ್ಲಿ ಯಾವ ಎಗ್ಗೂ ಬೇಡ, ಮೊದಲ ಶೋ ಮುಗಿದ ಹತ್ತು ನಿಮಿಷಕ್ಕೇ ಕೊನೆಯ ದೃಶ್ಯದ ಮೇಲೆ ಜಗಳ ಆಡಬಹುದು.

ಸಿನಿಮಾ ನೋಡದವರದ್ದೂ ಒಂದಿಷ್ಟು ಹೊಣೆ ಇದೆ. ವಿಕಿಪೀಡಿಯಾದಲ್ಲಿ ಕಥೆ ಪೂರ್ತಿ ಇರುತ್ತದೆ, ಅಲ್ಲಿ ಎಚ್ಚರಿಕೆ ಹಾಕುವ ಪದ್ಧತಿಯೇ ಇಲ್ಲ. ಅದನ್ನು ತೆರೆದು ಆಮೇಲೆ ಬೈಯಬಾರದು. ಎಕ್ಸ್‌ನಲ್ಲಿ ಸಿನಿಮಾ ಹೆಸರನ್ನು ಮ್ಯೂಟ್ ಮಾಡಿಡಬಹುದು. ಯೂಟ್ಯೂಬ್ ಮಾತ್ರ ಕಷ್ಟ. ‘ಎಂಡಿಂಗ್ ಎಕ್ಸ್‌ಪ್ಲೇನ್ಡ್’ ವಿಡಿಯೊದ ಥಂಬ್‌ನೇಲ್‌ನಲ್ಲೇ ಸತ್ತವನ ಮುಖ ಹಾಕಿರುತ್ತಾರೆ. ನೋಡದೇ ಇರುವವರ ಕಣ್ಣಿಗೂ ಬೀಳಲಿ ಅಂತಲೇ ಹಾಕುವುದು ಅದು. ಅಂಥ ಚಾನೆಲ್‌ಗಳಿಗೆ ಸಬ್‌ಸ್ಕ್ರೈಬ್ ಆಗಬೇಡಿ.

ಯಾವುದು ಸ್ಪಾಯ್ಲರ್, ಯಾವುದು ಅಲ್ಲ? ಟ್ರೇಲರ್‌ನಲ್ಲಿ ನಿರ್ಮಾಪಕರೇ ತೋರಿಸಿದ್ದು ಸ್ಪಾಯ್ಲರ್ ಅಲ್ಲ. ಮೊದಲ ಅರ್ಧ ಗಂಟೆಯಲ್ಲಿ ಕಥೆ ಯಾವ ಊರಿನದು, ಯಾರ ಸಮಸ್ಯೆ ಅಂತ ಗೊತ್ತಾಗುವುದನ್ನೂ ಹೇಳಬಹುದು. ಇಂಟರ್‌ವಲ್‌ನ ತಿರುವು, ಸಾವು, ಅಪರಾಧಿ ಯಾರು, ಯಾವ ದೊಡ್ಡ ನಟರು ಹೇಳದೆ ಕೇಳದೆ ಅತಿಥಿ ಪಾತ್ರದಲ್ಲಿ ಬರುತ್ತಾರೆ, ಇವೆಲ್ಲ ಹೇಳಬಾರದವು. ಇಷ್ಟು ಎಲ್ಲರಿಗೂ ಗೊತ್ತು. ಜನ ಯೋಚಿಸದೇ ಇರುವುದು ಇನ್ನೊಂದಿದೆ. ‘ಕಥೆ ಏನೂ ಹೇಳಲ್ಲ, ಆದರೆ ಕೊನೆಗೆ ಒಂದು ಟ್ವಿಸ್ಟ್ ಇದೆ, ಊಹಿಸೋಕೇ ಆಗಲ್ಲ’ ಅನ್ನುತ್ತಾರಲ್ಲ, ಅದೂ ಸ್ಪಾಯ್ಲರೇ. ಕೇಳಿದವರು ಸಿನಿಮಾ ನೋಡುವುದು ಬಿಟ್ಟು, ಶುರುವಿನಿಂದ ಕಳ್ಳನನ್ನು ಹುಡುಕುತ್ತಾ ಕೂರುತ್ತಾರೆ. ತೀರಾ ಒಳ್ಳೆಯವನಂತೆ ಕಾಣುವವನ ಮೇಲೇ ಅನುಮಾನ ಪಡುತ್ತಾರೆ. ನಿರ್ದೇಶಕರು ಎರಡು ಗಂಟೆ ಕಟ್ಟಿದ್ದು ಆ ಒಂದು ಸಾಲಿಗೆ ಸಡಿಲವಾಗುತ್ತದೆ.

ಯಾರಾದರೂ ‘ಅವನೇ ಕೊಲೆಗಾರ ಅಲ್ವಾ?’ ಅಂತ ಊಹೆ ಬರೆದಾಗ ನೋಡಿದವರು ನಗುವ ಇಮೋಜಿ ಹಾಕುತ್ತಾರೆ. ಅಲ್ಲಿಗೆ ಉತ್ತರ ಸಿಕ್ಕಂತೆ. ಊಹೆ ಸರಿ ಇರಲಿ, ತಪ್ಪಿರಲಿ, ‘ನೋಡಿ ಬನ್ನಿ, ಮಾತಾಡೋಣ’ ಅಂತ ಒಂದೇ ಥರ ಹೇಳಿ.

ಒಂದು ವಿನಾಯಿತಿ ಇದೆ. ಮಗುವನ್ನು ಕಳೆದುಕೊಂಡವರೋ, ಆತ್ಮಹತ್ಯೆ ನೋಡಿ ನೊಂದವರೋ ಸಿನಿಮಾದಲ್ಲಿ ಅಂಥದ್ದು ಇದೆಯಾ ಅಂತ ಕೇಳಿದರೆ ಮುಚ್ಚಿಡಬೇಡಿ. ಅವರಿಗೆ ಮಾತ್ರ, ನೇರವಾಗಿ, ಇದೆ ಅಂತ ಹೇಳಿ. ಅವರ ನೆಮ್ಮದಿಗಿಂತ ಯಾವ ಸಸ್ಪೆನ್ಸೂ ದೊಡ್ಡದಲ್ಲ.

ಇನ್ನು ನಿಮ್ಮ ಯಕ್ಷಗಾನದ ಪ್ರಶ್ನೆ. ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ, ಸ್ವಲ್ಪ ನಿಧಾನಕ್ಕೆ ನೋಡೋಣ. ಯಕ್ಷಗಾನದ್ದೇ ಒಂದು ರೂಪವಾದ ತಾಳಮದ್ದಳೆಯನ್ನು ತಗೊಳ್ಳಿ. ವೇಷ ಇಲ್ಲ, ಕುಣಿತ ಇಲ್ಲ. ಕೂತುಕೊಂಡು ಮಾತು. ವಾಲಿವಧೆಯ ಪ್ರಸಂಗ ಅಂದರೆ ವಾಲಿ ಸಾಯುತ್ತಾನೆ ಅಂತ ಕೇಳಲು ಬಂದವರಿಗೆಲ್ಲ ಗೊತ್ತು. ಆದರೆ ಇವತ್ತಿನ ವಾಲಿ ರಾಮನಿಗೆ ಏನು ಕೇಳುತ್ತಾನೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಮರದ ಮರೆಯಿಂದ ಬಾಣ ಬಿಟ್ಟಿದ್ದು ಯಾವ ಧರ್ಮ ಅಂತ ವಾಲಿಯ ಪಾತ್ರಧಾರಿ ಹೊಸ ದಾರಿಯಲ್ಲಿ ಹಿಡಿದು ಕೇಳಿದರೆ, ರಾಮನ ಪಾತ್ರದಲ್ಲಿ ಮಾತಾಡುವವರು ಅಲ್ಲೇ, ಆಗಲೇ ಉತ್ತರ ಕಟ್ಟಬೇಕು. ಪದ್ಯ ಮೊದಲೇ ಇರುತ್ತದೆ, ಮಾತು ಇರುವುದಿಲ್ಲ. ಕೇಳುವವರ ಕುತೂಹಲ ಪೂರ್ತಿ ಆ ಮಾತಿನ ಮೇಲೆ. ಅಂದರೆ ಅಲ್ಲೂ ಗೊತ್ತಿಲ್ಲದ್ದು ಒಂದು ಇದೆ, ಅದು ಕಥೆಯಲ್ಲಿ ಇಲ್ಲ ಅಷ್ಟೇ. ನೀವು ನೋಡಿದ ಥ್ರಿಲ್ಲರ್‌ನಲ್ಲಿ ಗೊತ್ತಿಲ್ಲದ್ದು ಇರುವುದೇ ಕಥೆಯಲ್ಲಿ. ಹಾಗಾಗಿ ಎರಡಕ್ಕೂ ಒಂದೇ ನಿಯಮ ಹಾಕಲು ಬರುವುದಿಲ್ಲ. ಪೌರಾಣಿಕ ಸಿನಿಮಾದಲ್ಲಿ ಯುದ್ಧ ಯಾರು ಗೆದ್ದರು ಅಂತ ಧಾರಾಳವಾಗಿ ಹೇಳಿ. ಆದರೆ ನಿರ್ದೇಶಕರು ಆ ಕಥೆಯನ್ನು ಯಾರ ಕಣ್ಣಿನಿಂದ ತೋರಿಸಿದ್ದಾರೆ ಅನ್ನುವುದೇ ಹೊಸದಾಗಿದ್ದರೆ, ಅದನ್ನು ಗುಟ್ಟಾಗಿಡಿ.

ಗುಟ್ಟು ಕಾಯುವುದು ನಮಗೆ ಹೊರಗಿನಿಂದ ಬಂದ ಅಭ್ಯಾಸವೂ ಅಲ್ಲ. ಹಿಂದೆ ಥಿಯೇಟರ್ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರು. ಅದರಲ್ಲಿ ಕಥಾಸಾರ ಇರುತ್ತಿತ್ತು. ನಾಯಕ ಜೈಲಿಗೆ ಹೋಗುವಲ್ಲೋ, ನಾಯಕಿ ಮನೆ ಬಿಡುವಲ್ಲೋ ತಂದು ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅನ್ನುತ್ತಿದ್ದರು. ಎಲ್ಲಿಯವರೆಗೆ ಹೇಳಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೊರದೇಶದಲ್ಲೂ 1960ರಲ್ಲಿ ‘ಸೈಕೋ’ ಬಂದಾಗ ಅದರ ನಿರ್ದೇಶಕ ಹಿಚ್‌ಕಾಕ್, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ನಿಯಮ ಮಾಡಿದರು. ಲಂಡನ್‌ನಲ್ಲಿ 1952ರಿಂದ ಆಡುತ್ತಿರುವ ‘ದಿ ಮೌಸ್‌ಟ್ರ್ಯಾಪ್’ ನಾಟಕ ಮುಗಿದ ಮೇಲೆ, ಕೊಲೆಗಾರ ಯಾರು ಅಂತ ಹೊರಗೆ ಹೇಳಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ.

ಸ್ಪಾಯ್ಲರ್‌ನಿಂದ ಏನೂ ಹಾಳಾಗುವುದಿಲ್ಲ ಎನ್ನುವವರು ಒಂದು ಅಧ್ಯಯನ ತೋರಿಸುತ್ತಾರೆ. ಅದು ಇರುವುದು ನಿಜ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಕ್ಯಾಂಪಸ್‌ನ ಇಬ್ಬರು ಮನಶ್ಶಾಸ್ತ್ರ ಸಂಶೋಧಕರು 12 ಸಣ್ಣಕಥೆಗಳನ್ನು ಓದಿಸಿ ನೋಡಿದರು. ಕೊನೆ ಮೊದಲೇ ಗೊತ್ತಿದ್ದವರು ಕಥೆಗಳನ್ನು ತುಸು ಹೆಚ್ಚೇ ಮೆಚ್ಚಿದ್ದರು. ಆದರೆ 2015ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಇದಕ್ಕೆ ಉಲ್ಟಾ ಫಲಿತಾಂಶ ಬಂತು. ಕೊನೆ ಗೊತ್ತಿಲ್ಲದೆ ಓದಿದವರಿಗೇ ಹೆಚ್ಚು ಖುಷಿ ಸಿಕ್ಕಿತ್ತು. ಈ ಅಧ್ಯಯನಗಳು ಹೇಳುವುದು ಸರಾಸರಿಯನ್ನು. ಯಾರೋ ಕೈಗಿಟ್ಟ ಸಣ್ಣಕಥೆ ಓದುವುದು ಬೇರೆ. ತಿಂಗಳುಗಟ್ಟಲೆ ಕಾದು, ರಜೆ ಹಾಕಿ, ರೈಲು ಹತ್ತಿ ಹೋಗಿ ಒಂದು ಕನ್ನಡ ಸಿನಿಮಾ ನೋಡುವುದು ಬೇರೆ. ಮೊದಲೇ ಕೊನೆ ತಿಳಿದು ನೋಡಲು ಇಷ್ಟಪಡುವವರು ಇದ್ದಾರೆ, ಅವರು ಕೇಳಿ ತಿಳಿದುಕೊಳ್ಳಲಿ. ಗೊತ್ತಿದ್ದು ನೋಡುವ ಸುಖ ಎರಡನೇ ಸಲ ಎಲ್ಲರಿಗೂ ಸಿಗುತ್ತದೆ. ಗೊತ್ತಿಲ್ಲದೆ ನೋಡುವುದು ಒಂದೇ ಸಲ. ಆ ಆಯ್ಕೆಯನ್ನು ನಿಮ್ಮ ಗೆಳತಿಯ ಪರವಾಗಿ ಬೇರೆ ಯಾರೂ ಮಾಡುವಂತಿಲ್ಲ.

ಸ್ಟೇಟಸ್‌ಗೆ ಹಾಕುವ ಕ್ಲಿಪ್‌ಗಳ ಬಗ್ಗೆ ಗಟ್ಟಿಯಾಗಿ ಒಂದು ಮಾತು. ಬೆಳಗಿನ ಜಾವದ ಫ್ಯಾನ್ಸ್ ಶೋ ಮುಗಿಯುವ ಮೊದಲೇ ಹೀರೋ ಎಂಟ್ರಿ, ಕ್ಲೈಮ್ಯಾಕ್ಸ್ ಎಲ್ಲ ಸ್ಟೇಟಸ್‌ನಲ್ಲಿ ಇರುತ್ತವೆ. ಇದು ಬರೀ ಶಿಷ್ಟಾಚಾರದ ವಿಷಯ ಅಲ್ಲ. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಥಿಯೇಟರ್‌ನಲ್ಲಿ ಅನುಮತಿ ಇಲ್ಲದೆ ಸಿನಿಮಾ ರೆಕಾರ್ಡ್ ಮಾಡುವುದು ಅಪರಾಧ. 3 ತಿಂಗಳಿಂದ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿಯಿಂದ ಶುರುವಾಗಿ ಸಿನಿಮಾದ ಒಟ್ಟು ನಿರ್ಮಾಣ ವೆಚ್ಚದ ಶೇ 5ರವರೆಗೆ ದಂಡ ಇದೆ. ಅಭಿಮಾನದಿಂದ ಹಾಕುವವರಿಗೆ ಇದು ಗೊತ್ತಿರುವುದಿಲ್ಲ, ಹೇಳಿ. ಬೇರೆ ಹೀರೋ ಸಿನಿಮಾ ಬೀಳಲಿ ಅಂತ ಬೇಕಂತಲೇ ಕ್ಲೈಮ್ಯಾಕ್ಸ್ ಹಂಚುವವರನ್ನು ಗ್ರೂಪ್‌ನಲ್ಲಿ ಇಟ್ಟುಕೊಳ್ಳಬೇಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ‘ಇನ್ನು ಮುಂದೆ ಕಥೆಯ ಸುದ್ದಿಯೇ ಬೇಡ’ ಅಂತ ನಿಮ್ಮ ಗ್ರೂಪ್‌ನ ಕೆಲವರು ಹೇಳಿದ್ದನ್ನು ದಯವಿಟ್ಟು ಒಪ್ಪಬೇಡಿ. ಕನ್ನಡದಲ್ಲಿ ಸಿನಿಮಾ ಬಗ್ಗೆ ದಿನಾ ರಾಶಿ ರಾಶಿ ಬರುತ್ತದೆ. ಫಸ್ಟ್ ಹಾಫ್ ಸ್ಲೋ, ಸೆಕೆಂಡ್ ಹಾಫ್ ಸೂಪರ್, ಬಿಜಿಎಂ ಬೆಂಕಿ, ಐದಕ್ಕೆ ಮೂರೂವರೆ. ಅಲ್ಲಿಗೆ ಮುಗಿಯಿತು. ಒಂದು ಸಿನಿಮಾ ತನ್ನ ಪಾತ್ರಗಳಿಗೆ ಕೊನೆಗೆ ಏನು ಮಾಡುತ್ತದೆ, ತಪ್ಪು ಮಾಡಿದ ಗಂಡಸನ್ನು ಹೇಗೆ ಬಿಡುತ್ತದೆ, ಅದೇ ತಪ್ಪಿಗೆ ಹೆಂಗಸನ್ನು ಹೇಗೆ ಶಿಕ್ಷಿಸುತ್ತದೆ, ಯಾರ ಹಿಂಸೆಗೆ ಚಪ್ಪಾಳೆ ಕೇಳುತ್ತದೆ ಅನ್ನುವುದೆಲ್ಲ ಗೊತ್ತಾಗುವುದು ಕೊನೆಯಲ್ಲೇ. ‘ಕಾಂತಾರ’ ಕಾಡು, ಜಮೀನು, ಸರ್ಕಾರದ ಬಗ್ಗೆ ಏನು ಹೇಳುತ್ತಿದೆ ಅಂತ ಅದರ ಕೊನೆಯನ್ನು ಮುಟ್ಟದೆ ಮಾತಾಡಲು ಸಾಧ್ಯವೇ ಇಲ್ಲ. ನಿಮ್ಮ ಥ್ರಿಲ್ಲರ್‌ನ ಕೊಲೆಗಾರನ ಕಾರಣ ನಂಬುವ ಹಾಗಿಲ್ಲ ಅಂತ ನಿಮಗೆ ಅನ್ನಿಸಿದ್ದರೆ, ಅದನ್ನು ಯಾರೋ ಬಿಡಿಸಿ ಬರೆಯಲೇಬೇಕು. ಬರೆದ ನಿರ್ದೇಶಕರಿಗೂ ಅದು ಬೇಕು. ಗುಟ್ಟು ಕಾಯುವ ನಿಯಮಗಳೆಲ್ಲ ಇರುವುದು ಇಂಥ ಚರ್ಚೆ ಯಾರಿಗೂ ನೋವಾಗದೆ, ಎಗ್ಗಿಲ್ಲದೆ ನಡೆಯಲಿ ಅಂತ. ಚರ್ಚೆಯನ್ನೇ ನಿಲ್ಲಿಸುವುದಾದರೆ ಆ ನಿಯಮಗಳು ಯಾಕೆ ಬೇಕು?

ಈಗ ಮಾಡಬೇಕಾದ್ದು. ವಾಟ್ಸಾಪ್‌ನಲ್ಲಿ ಕಳಿಸಿದ ಮೆಸೇಜನ್ನು ಎರಡು ದಿನಕ್ಕೂ ಸ್ವಲ್ಪ ಜಾಸ್ತಿ ಹೊತ್ತು ಎಲ್ಲರ ಫೋನಿನಿಂದಲೂ ಅಳಿಸಬಹುದು. ತಿದ್ದುವುದಾದರೆ 15 ನಿಮಿಷ ಮಾತ್ರ. ಗ್ರೂಪ್ ಅಡ್ಮಿನ್ ಬೇರೆಯವರ ಮೆಸೇಜನ್ನೂ ಅಳಿಸಬಹುದು. ಮುಂದೆ ಯಾರಾದರೂ ಹೀಗೆ ಬರೆದರೆ ಅಡ್ಮಿನ್ ಸುಮ್ನೆ ಅಳಿಸಿ, ಬರೆದವರಿಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಲಿ. ಎಲ್ಲರ ಎದುರು ಬೈದರೆ ಬೈಗುಳದ ಜೊತೆ ಗುಟ್ಟೂ ಇನ್ನಷ್ಟು ಜನಕ್ಕೆ ತಲುಪುತ್ತದೆ. ಆ ಮೆಸೇಜ್‌ಗೆ ರಿಪ್ಲೈ ಮಾಡಿ ‘ಇದು ಸ್ಪಾಯ್ಲರ್’ ಎನ್ನುವುದೂ ಬೇಡ. ರಿಪ್ಲೈ ಮಾಡಿದಾಗ ಮೂಲ ಸಾಲು ಮತ್ತೆ ಕೆಳಗೆ ಬಂದು ಕೂರುತ್ತದೆ.

ಗೆಳತಿಗೆ ಮೆಸೇಜ್ ಬೇಡ, ಫೋನ್ ಮಾಡಿ. ಬೇಜಾರಾಗಿದ್ದು ಅರ್ಥವಾಗಿದೆ ಅನ್ನಿ. ‘ಮೂರು ದಿನ ಆಗಿತ್ತಲ್ಲ’ ಅನ್ನುವ ಮಾತು ತೆಗೆಯಬೇಡಿ. ಅವರ ಊರಿಗೆ ಆ ಸಿನಿಮಾ ಬರುವ ಸಾಧ್ಯತೆ ಇದೆಯಾ ಅಂತ ವಿಚಾರಿಸಿ. ಕೊಲೆಗಾರ ಗೊತ್ತಾದ ಮೇಲೂ ಆ ಸಿನಿಮಾದಲ್ಲಿ ನೋಡುವಂಥದ್ದು ಏನಿದೆ ಅಂತ ನಿಮಗೆ ಅನ್ನಿಸಿದರೆ ಹೇಳಿ, ಒಂದು ಪಾತ್ರ, ಒಬ್ಬರ ನಟನೆ, ಏನಾದರೂ. ಆಮೇಲೆ ಗ್ರೂಪ್‌ಗೆ ವಾಪಸ್ ಕರೆಯಿರಿ. ಗ್ರೂಪ್‌ನ ವಿವರಣೆ ಇರುವ ಜಾಗದಲ್ಲಿ ಇಷ್ಟು ಹಾಕಿದರೆ ಸಾಕು: ‘ಒಟಿಟಿಗೆ ಬಂದು ಎರಡು ವಾರ ಆಗುವವರೆಗೆ ಕಥೆಯ ತಿರುವುಗಳ ಮಾತು “ನೋಡಿದವರು” ಗ್ರೂಪ್‌ನಲ್ಲಿ. ಆಮೇಲೆ ಇಲ್ಲಿ, ಸಿನಿಮಾ ಹೆಸರು ಮತ್ತು ಸೂಚನೆ ಜೊತೆ. ಥಿಯೇಟರ್ ಕ್ಲಿಪ್ ಹಾಕುವಂತಿಲ್ಲ.’